ಖಾಲಿ ಇದ್ದರೂ ಮುಗಿದುಹೋದ ನಂಬರುಗಳು

ಶಿಕಾಗೊದಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಅವರ ನಂಬರು ಒಮ್ಮೆ ನೋಡಿ. +1 ಆದಮೇಲೆ 847 ಅಥವಾ 224 ಇದೆಯಾ? ಹಾಗಾದರೆ ಅದು ಊರಿನ ಉತ್ತರ, ವಾಯವ್ಯದ ಉಪನಗರಗಳ ನಂಬರು. ಶಾಂಬರ್ಗ್, ಸ್ಕೋಕಿ, ಇವಾನ್‌ಸ್ಟನ್ ಎಲ್ಲ ಅಲ್ಲೇ ಬರುತ್ತವೆ. 630 ಇದ್ದರೆ ಪಶ್ಚಿಮಕ್ಕಿರುವ ನೇಪರ್‌ವಿಲ್ ಕಡೆಯದು.

1947ರಲ್ಲಿ ಈ ಮೂರಂಕಿಯ ಏರಿಯಾ ಕೋಡ್ ಹಂಚಿದಾಗ ಶಿಕಾಗೊಗೂ ಅದರ ಬಹುಪಾಲು ಉಪನಗರಗಳಿಗೂ 312 ಒಂದೇ ಇತ್ತು. ಅದು ಡಯಲ್ ತಿರುಗಿಸುವ ಫೋನಿನ ಕಾಲ. 3 ತಿರುಗಿಸಿದರೆ ತಂತಿಯಲ್ಲಿ ಮೂರು ಪಲ್ಸ್, ಅಂದರೆ ವಿದ್ಯುತ್ತಿನ ಮೂರು ಮಿಡಿತ; 0 ತಿರುಗಿಸಿದರೆ ಹತ್ತು. 312ಕ್ಕೆ ಆರೇ ಪಲ್ಸ್ ಸಾಕು. ಜಾಸ್ತಿ ಕರೆ ಹೋಗುವ ದೊಡ್ಡ ಊರಿಗೆ ಬೇಗ ಮುಗಿಯುವ ಕೋಡ್. 1989ರಲ್ಲಿ ನಂಬರು ಸಾಲದೆ ಉಪನಗರಗಳನ್ನು ಬೇರೆ ಮಾಡಿ 708 ಕೊಟ್ಟರು. ಲೆಕ್ಕ ಹಾಕಿದರೆ 25 ಪಲ್ಸ್! ಅಷ್ಟು ಹೊತ್ತಿಗೆ ಬಟನ್ ಫೋನು ಬಂದಿತ್ತು, ಬಿಡಿ.

708ರ ನಡುವೆ ಸೊನ್ನೆ ಇದೆ, ಗಮನಿಸಿ. ಆಗೆಲ್ಲ ನಡುವಿನ ಅಂಕಿ 0 ಅಥವಾ 1 ಆಗಿರಲೇಬೇಕಿತ್ತು. ಇದು ಏರಿಯಾ ಕೋಡ್ ಅಂತ ಎಕ್ಸ್‌ಚೇಂಜಿನ ಯಂತ್ರ ಗುರುತಿಸುತ್ತಿದ್ದದ್ದೇ ಅದರಿಂದ. 1995ರಲ್ಲಿ ಆ ಕಟ್ಟುಪಾಡು ಹೋಯಿತು. ಮರುವರ್ಷವೇ, 708ರಲ್ಲೂ ನಂಬರು ಸಾಲದೆ, ಅದರಿಂದ 847, 630 ಬೇರೆ ಮಾಡಿದರು. ಅದಕ್ಕೂ ಮೊದಲು ಅಲ್ಲಿನ ಫೋನ್ ಕಂಪನಿ ಅಮೆರಿಟೆಕ್ ಬೇರೊಂದು ಉಪಾಯ ಹೂಡಿತ್ತು: ಮೊಬೈಲು, ಪೇಜರುಗಳನ್ನೆಲ್ಲ 630ಕ್ಕೆ ಕಳಿಸೋಣ, ಮನೆ ಫೋನುಗಳು 708ರಲ್ಲೇ ಇರಲಿ ಅಂತ. ಇದು ತಾರತಮ್ಯ ಎಂದು ಅಮೆರಿಕದ ದೂರಸಂಪರ್ಕ ಆಯೋಗ ಒಪ್ಪಲಿಲ್ಲ.

ಅಷ್ಟು ಬೇಗ ನಂಬರು ಯಾಕೆ ಮುಗಿಯಿತು? ಒಂದು ಏರಿಯಾ ಕೋಡ್‌ನಲ್ಲಿ ಸುಮಾರು 80 ಲಕ್ಷ ನಂಬರು ಹಿಡಿಯುತ್ತವೆ. ಜನ ಅಷ್ಟಿರಲಿಲ್ಲ. ಫ್ಯಾಕ್ಸು, ಪೇಜರು, ಮೊಬೈಲು ಸೇರಿಕೊಂಡವು ನಿಜ. ಆದರೆ ದೊಡ್ಡ ತೊಂದರೆ ಇದ್ದದ್ದು ಹಂಚಿಕೆಯಲ್ಲಿ. ಕಂಪನಿಗಳಿಗೆ ನಂಬರು ಕೊಡುತ್ತಿದ್ದದ್ದು ಒಮ್ಮೆಗೆ 10,000ದ ಕಟ್ಟಿನಲ್ಲಿ. ಒಂದು ಕೇಜಿ ಸಕ್ಕರೆ ಕೇಳಿದವರಿಗೂ ಮೂಟೆಯನ್ನೇ ಹೊರಿಸಿದ ಹಾಗೆ. ಸಾಲದ್ದಕ್ಕೆ, ಬಿಲ್ಲಿನ ಲೆಕ್ಕಕ್ಕೆಂದು ಪ್ರದೇಶವನ್ನು ಸಣ್ಣ ಸಣ್ಣ ವಲಯ ಮಾಡಿದ್ದರು. ಪ್ರತಿ ವಲಯಕ್ಕೂ ಬೇರೆ ಕಟ್ಟೇ ಬೇಕು. ಹೊಸ ಕಂಪನಿಯೊಂದಕ್ಕೆ ಹತ್ತು ವಲಯದಲ್ಲಿ ಐವತ್ತೈವತ್ತು ಗಿರಾಕಿಗಳು ಅಂದುಕೊಳ್ಳಿ. ಬಳಕೆಗೆ ಬಂದದ್ದು 500, ಹಿಡಿದಿಟ್ಟದ್ದು ಒಂದು ಲಕ್ಷ! 1996ರ ಕಾನೂನು ಸ್ಥಳೀಯ ಫೋನ್ ಸೇವೆಯನ್ನು ಪೈಪೋಟಿಗೆ ತೆರೆದ ಮೇಲೆ ಇಂಥ ಕಂಪನಿಗಳು ಸಾಲುಗಟ್ಟಿದವು.

ಮದ್ದು ಸಿಕ್ಕಿದ್ದೂ 847ರಲ್ಲೇ. 1998ರಲ್ಲಿ ಅಲ್ಲಿ 10,000ದ ಕಟ್ಟನ್ನು ಬಿಚ್ಚಿ, ಸಾವಿರ ಸಾವಿರವಾಗಿ ಹಲವು ಕಂಪನಿಗಳಿಗೆ ಹಂಚಿ ನೋಡಿದರು. ಕೇಳುವಾಗ ಸುಲಭ. ಆದರೆ ಮೊದಲ ಆರು ಅಂಕಿ ನೋಡಿದರೆ ಯಾವ ಕಂಪನಿ ಅಂತ ತಿಳಿಯುತ್ತಿದ್ದ ಯಂತ್ರಗಳಿಗೆ ಈಗ ಅಷ್ಟು ಸಾಲದು. ಕರೆ ಹೋಗಬೇಕಾದ ಕಡೆಯನ್ನು ಡೇಟಾಬೇಸಿನಲ್ಲಿ ಹುಡುಕಬೇಕು. ನಂಬರು ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ನಡೆಯುವುದೂ ಇದೇ ಡೇಟಾಬೇಸಿನಿಂದ. 2000ದಲ್ಲಿ ಈ ಪದ್ಧತಿಯನ್ನು ದೇಶಕ್ಕೆಲ್ಲ ತರಲು ಆಯೋಗ ತೀರ್ಮಾನಿಸಿತು.

847 ಸ್ವಲ್ಪ ಕಾಲ ತಡೆಯಿತು, ಅಷ್ಟೇ. 2002ರ ಜನವರಿಯಲ್ಲಿ 224 ಬಂತು. ಈ ಸಲ ಪ್ರದೇಶ ಒಡೆಯಲಿಲ್ಲ, ಅದೇ ಊರುಗಳಿಗೆ ಎರಡನೇ ಕೋಡ್ ಹೊದಿಸಿದರು. ಯಾರ ನಂಬರೂ ಬದಲಾಗಲಿಲ್ಲ, ಅಂಗಡಿಯ ಬೋರ್ಡು ಬರೆಸುವ ಖರ್ಚೂ ಉಳಿಯಿತು. ಬದಲಿಗೆ ಪಕ್ಕದ ಮನೆಗೆ ಫೋನ್ ಮಾಡಲೂ 1 ಸೇರಿಸಿ ಹನ್ನೊಂದು ಅಂಕಿ ಒತ್ತಬೇಕಾಯಿತು. 630ಕ್ಕೆ 2007ರಲ್ಲಿ 331 ಜೊತೆಯಾಯಿತು. ಹಳೆಯ 708 ಮಾತ್ರ ದಕ್ಷಿಣದ ಉಪನಗರಗಳಲ್ಲಿ ಒಂಟಿಯಾಗಿ 2022ರವರೆಗೂ ಎಳೆಯಿತು. ಆಮೇಲೆ ಅಲ್ಲಿಗೂ 464 ಬಂತು.