ಐಸ್‌ಕ್ರೀಮ್ ಪೆಟ್ಟಿಗೆಗೆ ಸೋಡಾ ನಲ್ಲಿ

4 ಡಿಗ್ರಿ ತಣ್ಣಗಿರುವ ಒಂದು ಲೀಟರ್ ನೀರು ವಾತಾವರಣದ ಒತ್ತಡದಲ್ಲಿ ಸುಮಾರು 1.47 ಲೀಟರ್ ಕಾರ್ಬನ್ ಡೈಆಕ್ಸೈಡನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರು 40 ಡಿಗ್ರಿಗೆ ಕಾದರೆ ಹಿಡಿಯುವುದು ಬರೀ 0.53 ಲೀಟರ್. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಗೋಲಿ ಒತ್ತಿದ ಕೂಡಲೇ ಕಾಲು ಬಾಟಲಿ ಸೋಡಾ ಅಂಗಿಯ ಮೇಲೆ ಹಾರುವುದು ಇದಕ್ಕೇ. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆ ಗೋಲಿ ಬಾಟಲಿ ಗ್ಯಾಸಿನ ಒತ್ತಡದಿಂದಲೇ ಗ್ಯಾಸನ್ನು ಮುಚ್ಚಿಡುವ ಜಾಣ ಸಾಧನ. ಆದರೆ ಬಾಯಿ ತೆರೆದ ಮೇಲೆ ಅದು ಏನೂ ಮಾಡಲಾರದು. ಆಮೇಲಿನದೆಲ್ಲ ನೀರು ಎಷ್ಟು ತಣ್ಣಗಿದೆ ಎಂಬುದರ ಮೇಲೆ ನಿಂತಿದೆ.

ಹಳೆಯ ಡೀಪ್ ಫ್ರೀಜರಿಗೆ ನಲ್ಲಿ ಕೂರಿಸಿ, ಒಳಗೆ ಕೆಗ್ ಎಂಬ, ಒತ್ತಡ ತಡೆಯುವ ಸ್ಟೀಲಿನ ಪೀಪಾಯಿ ಇಟ್ಟು, ಗ್ಯಾಸಿನ ಒತ್ತಡದಿಂದ ಲೋಟಕ್ಕೆ ಇಳಿಸುವ ಯಂತ್ರವನ್ನು ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ರೂಢಿಗೆ ತಂದರು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರಕ್ಕೆ ಮಾತ್ರ ಬಿಯರ್ ಯಾವುದು, ಸೋಡಾ ಯಾವುದು ಎಂಬ ಭೇದವಿಲ್ಲ. ಹಾಗಾಗಿ ಇಲ್ಲಿ ಲೆಕ್ಕ ಹಾಕುವುದು ಸೋಡಾಕ್ಕೆ. ಒಗ್ಗರಣೆ-ಮಿರ್ಚಿಯ ಜೊತೆಗೆ ನಮಗೆ ಬೇಕಾದದ್ದೂ ಅದೇ.

ಮೊದಲು ಒತ್ತಡ. ನಾಲಿಗೆಗೆ ಚುರ್ ಎನ್ನುವ ಸೋಡಾಕ್ಕೆ ಲೀಟರಿಗೆ ನಾಲ್ಕು ಲೀಟರ್ ಗ್ಯಾಸ್, ಅಂದರೆ ಸುಮಾರು 8 ಗ್ರಾಂ ಬೇಕು. ಒತ್ತಡ ಎಷ್ಟು ಪಟ್ಟು ಹೆಚ್ಚಿದರೆ ಕರಗುವ ಗ್ಯಾಸ್ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದ. ಆ ನಿಯಮದಂತೆ 4 ಡಿಗ್ರಿಯಲ್ಲಿ ಗೇಜಿನ ಮೇಲೆ 25 ಪಿಎಸ್‌ಐ ಸಾಕು, ಬೈಕಿನ ಮುಂದಿನ ಟೈರಿಗೆ ಹೊಡೆಸುವಷ್ಟು. ಅದೇ ಸೋಡಾವನ್ನು 40 ಡಿಗ್ರಿಯಲ್ಲಿ ಮಾಡಲು ಹೊರಟರೆ 95 ಪಿಎಸ್‌ಐ ಬೇಕು. ಅದಿರು ಲಾರಿಯ ಟೈರಿನ ಹತ್ತಿರ ಬಂದೆವು. ಬಿಯರಿನಲ್ಲಿ ಗ್ಯಾಸ್ ಕಡಿಮೆ, ಲೀಟರಿಗೆ ಎರಡೂವರೆ ಲೀಟರ್. 4 ಡಿಗ್ರಿಗೆ 11–12 ಪಿಎಸ್‌ಐ ಸಾಕು. ಹೊರಗಿನ ಪುಸ್ತಕಗಳಲ್ಲಿರುವ ಪೈಪಿನ ಉದ್ದ, ಒತ್ತಡ ಎಲ್ಲವೂ ಬಿಯರಿನ ಈ 12ಕ್ಕೆ, ಅದೂ 20 ಡಿಗ್ರಿಯ ಕೋಣೆಗೆ ಬರೆದದ್ದು. ಬಳ್ಳಾರಿಯಲ್ಲಿ ಅದನ್ನು ಹಾಗೇ ಎತ್ತಿಕೊಂಡರೆ ಲೋಟದ ತುಂಬ ನೊರೆಯೇ ಸಿಗುತ್ತದೆ.

ಫ್ರೀಜರ್ ಕೊಳ್ಳುವಾಗ ಹಿಂಬದಿಯ ಫಲಕ ಓದಬೇಕು. ಅದರಲ್ಲಿ ಹವಾಮಾನ ವರ್ಗ ಬರೆದಿರುತ್ತದೆ: ‘ಎನ್’ ಎಂದಿದ್ದರೆ 32 ಡಿಗ್ರಿವರೆಗಿನ ಕೋಣೆಗೆ, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. ರಾಯಚೂರು, ಬಳ್ಳಾರಿ, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗೂ ‘ಟಿ’ಯೇ ಬೇಕು. ಐಸ್‌ಕ್ರೀಮ್ ಅಂಗಡಿಯಿಂದ ಬರುವ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆಗಳಲ್ಲಿ ಗಾಜಿನ ಜಾರುಮುಚ್ಚಳದ್ದು ಬೇಡ, ದಪ್ಪ ಮುಚ್ಚಳದ್ದು ನೋಡಿ. 19 ಲೀಟರಿನ ಕೆಗ್ ಸುಮಾರು 22 ಸೆಂ.ಮೀ. ಅಗಲ, 64 ಸೆಂ.ಮೀ. ಎತ್ತರ, ಮೇಲೆ ಪೈಪು ಸಿಕ್ಕಿಸುವ ಕನೆಕ್ಟರಿಗೆ ಇನ್ನೊಂದು 8 ಸೆಂ.ಮೀ. ರಟ್ಟಿನಲ್ಲಿ ಅದೇ ಅಳತೆಯ ವೃತ್ತಗಳನ್ನು ಕತ್ತರಿಸಿಕೊಂಡು ಅಂಗಡಿಗೆ ಹೋಗಿ, ಪೆಟ್ಟಿಗೆಯ ತಳದಲ್ಲಿ ಹರಡಿ ನೋಡುವುದು ಟೇಪು ಹಿಡಿಯುವುದಕ್ಕಿಂತ ನಂಬಿಕೆಯದು. ಒಂದು ಮೂಲೆಯಲ್ಲಿ ಕಂಪ್ರೆಸರ್ ಮೇಲಿನ ಮೆಟ್ಟಿಲು ಜಾಗ ತಿನ್ನುತ್ತದೆ. ಅಲ್ಲಿ ಗ್ಯಾಸ್ ಸಿಲಿಂಡರ್ ಕೂರುತ್ತದೆ.

ಪೆಟ್ಟಿಗೆಯ ಗೋಡೆಗೆ ಡ್ರಿಲ್ ಹಾಕಲೇಬಾರದು. ಡೀಪ್ ಫ್ರೀಜರಿನ ಬಿಸಿ ಕೊಳವೆ, ತಣ್ಣನೆಯ ಕೊಳವೆ ಎರಡೂ ಸಾಮಾನ್ಯವಾಗಿ ಗೋಡೆಯೊಳಗೇ ಸುತ್ತಿರುತ್ತವೆ. ಓಡುತ್ತಿರುವಾಗ ಹೊರಮೈ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಒಂದು ತೂತು ಬಿದ್ದರೆ ತಣ್ಣಗಾಗಿಸುವ ಗ್ಯಾಸ್ ಹೋಗಿ ಪೆಟ್ಟಿಗೆ ಗುಜರಿಗೆ. ಒಳಗಿರುವುದು ಆರ್-600ಎ ಆಗಿದ್ದರೆ ಅದು ಐಸೊಬ್ಯುಟೇನ್, ಹತ್ತಿ ಉರಿಯುವಂಥದ್ದು. ಅದಕ್ಕೇ ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಒಂದಿಂಚು ದಪ್ಪ, ಆರಿಂಚು ಎತ್ತರದ ಹಲಗೆಯ ಚೌಕಟ್ಟು ಕೂರಿಸಿ, ತೂತುಗಳನ್ನೆಲ್ಲ ಅದಕ್ಕೇ ಹೊಡೆಯುವುದು. ನಲ್ಲಿಯ ಶ್ಯಾಂಕಿಗೆ, ಅಂದರೆ ಹಲಗೆಯ ಮೂಲಕ ಹಾಯ್ದು ನಲ್ಲಿಯನ್ನು ಪೈಪಿಗೆ ಸೇರಿಸುವ ಕೊಳವೆಗೆ, 22 ಮಿ.ಮೀ. ತೂತು ಸರಿ. ಮುಚ್ಚಳದ ಹಿಂಜುಗಳಲ್ಲಿ ಬಿಗಿಯಾದ ಸ್ಪ್ರಿಂಗ್ ಇರುತ್ತದೆ. ಮುಚ್ಚಳ ಪೂರ್ತಿ ತೆರೆದಿಟ್ಟೇ ಸ್ಕ್ರೂ ಬಿಚ್ಚಿ, ಇಲ್ಲದಿದ್ದರೆ ಬೆರಳಿಗೆ ಬೀಳುತ್ತದೆ. ಚೌಕಟ್ಟನ್ನು ಮುಚ್ಚಳಕ್ಕೆ ಜೋಡಿಸಿದರೆ ನಲ್ಲಿಗಳೂ ಅದರ ಜೊತೆ ಮೇಲೇಳುತ್ತವೆ. ಪೆಟ್ಟಿಗೆಗೇ ಜೋಡಿಸಿದರೆ 23 ಕಿಲೋ ತೂಗುವ ತುಂಬಿದ ಕೆಗ್ಗನ್ನು ಪ್ರತಿ ಸಲ ಆರಿಂಚು ಹೆಚ್ಚಿಗೆ ಎತ್ತಬೇಕು. ಸೊಂಟದ ದೃಷ್ಟಿಯಿಂದ ಮೊದಲನೆಯದೇ ವಾಸಿ.

ಈ ಚೌಕಟ್ಟಿನ ಬಗ್ಗೆ ಹೆಚ್ಚಿನವರು ಅಂದಚೆಂದ ನೋಡುತ್ತಾರೆ, ಶಾಖ ನೋಡುವುದಿಲ್ಲ. ಲೆಕ್ಕ ಹಾಕೋಣ. ಹೊರಗೆ 40, ಒಳಗೆ 4 ಡಿಗ್ರಿ. ಗೋಡೆಯಲ್ಲಿ 6 ಸೆಂ.ಮೀ. ಫೋಮ್ ಇರುವ 200 ಲೀಟರಿನ ಪೆಟ್ಟಿಗೆಗೆ ಎಲ್ಲ ಬದಿಯಿಂದಲೂ ನುಸುಳುವ ಶಾಖ ಸುಮಾರು 28 ವಾಟ್. ಮೂರು ಮೀಟರ್ ಸುತ್ತಳತೆಯ ಬರೀ ಹಲಗೆಯ ಚೌಕಟ್ಟಿನಿಂದ ನುಸುಳುವುದು 42 ವಾಟ್! ಅಂಗೈ ಅಗಲದ ಪಟ್ಟಿ ಇಡೀ ಪೆಟ್ಟಿಗೆಯನ್ನು ಮೀರಿಸುತ್ತದೆ. ಒಳಬದಿಗೆ ಒಂದಿಂಚು ಥರ್ಮೋಕೋಲ್ ಅಂಟಿಸಿದರೆ 42 ಇದ್ದದ್ದು 15ಕ್ಕೆ ಇಳಿಯುತ್ತದೆ. ಅಂಟಿಸುವ ಮೊದಲು ಹಲಗೆಗೆ ಎರಡು ಕೋಟ್ ವಾರ್ನಿಶ್, ಸಂದಿಗೆಲ್ಲ ಸಿಲಿಕೋನ್. ಥರ್ಮೋಕೋಲಿನ ದಪ್ಪವನ್ನೂ ಸೇರಿಸಿ ಶ್ಯಾಂಕ್ 4 ಇಂಚು ಉದ್ದದ್ದು ತರಬೇಕು. ಮೊದಲೇ ಕುಳ್ಳ ಶ್ಯಾಂಕ್ ತಂದವರು ಆಮೇಲೆ ನಲ್ಲಿಯ ಸುತ್ತ ಥರ್ಮೋಕೋಲ್ ಕೆತ್ತಿ ತೆಗೆಯುತ್ತಾರೆ, ಅಲ್ಲೇ ನೀರು ತೊಟ್ಟಿಕ್ಕುತ್ತದೆ.

ಫ್ರೀಜರಿನ ಸ್ವಂತ ಥರ್ಮೋಸ್ಟಾಟ್ ಮೈನಸ್ 18ರ ಆಸುಪಾಸಿಗೆ ಹೊಂದಿಸಿದ್ದು, 4 ಡಿಗ್ರಿ ಎಂದರೆ ಅದಕ್ಕೆ ಅರ್ಥವಾಗದು. ಅದನ್ನು ಅತಿ ತಣ್ಣನೆಯ ಗುರುತಿಗೆ ತಿರುಗಿಸಿ ಬಿಟ್ಟು, ಕರೆಂಟನ್ನು ಎಸ್‌ಟಿಸಿ-1000ನಂಥ ಹೊರಗಿನ ಕಂಟ್ರೋಲರ್ ಮೂಲಕ ಕೊಡಬೇಕು. ಅದರ 1, 2ನೇ ಟರ್ಮಿನಲ್ಲಿಗೆ ಕರೆಂಟು, 3–4ಕ್ಕೆ ಸೆನ್ಸರ್, 7–8ರ ನಡುವಿನ ರಿಲೇ ಮೂಲಕ ಫ್ರೀಜರಿನ ಫೇಸ್. ಫ್ರೀಜರಿನ ವೈರ್ ಕತ್ತರಿಸುವುದೇ ಬೇಡ. ಒಂದು ಡಬ್ಬಿಯಲ್ಲಿ ಕಂಟ್ರೋಲರ್, ಸಾಕೆಟ್ ಎರಡನ್ನೂ ಕೂರಿಸಿ ಪ್ಲಗ್ ಸಿಕ್ಕಿಸಿ. ಅರ್ಥಿಂಗ್ ತಪ್ಪಬಾರದು, ಇದು ನೀರಿನ ಪಕ್ಕದ ಕೆಲಸ. ಕಂಟ್ರೋಲರಿನಲ್ಲಿ ಎಫ್1ಕ್ಕೆ (ಬೇಕಾದ ತಾಪ) 3.5 ಡಿಗ್ರಿ, ಎಫ್2ಕ್ಕೆ (ಎಷ್ಟು ಏರಿದರೆ ಮತ್ತೆ ಹೊರಡಬೇಕು) 1.5, ಎಫ್3ಕ್ಕೆ (ಮತ್ತೆ ಹೊರಡುವ ಮೊದಲಿನ ತಡೆ) ಪೂರಾ 10 ನಿಮಿಷ. ಈ ಹತ್ತು ನಿಮಿಷದ ತಡೆ ಕಂಪ್ರೆಸರಿನ ಆಯುಷ್ಯ: ನಿಂತ ಕೂಡಲೇ ಮತ್ತೆ ಹೊರಟರೆ ಎರಡು ಬದಿಯ ಒತ್ತಡ ಸಮವಾಗಿರುವುದಿಲ್ಲ, ಮೋಟರ್ ತಿಣುಕುತ್ತದೆ. ಕರೆಂಟು ಬಂದು ಹೋಗುವ, ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಇದರ ಜೊತೆಗೆ ಸ್ಟೆಬಿಲೈಸರ್ ಕೂಡ ಇರಲಿ. ಕರೆಂಟು ಹೋದಾಗ ಹೆದರಬೇಕಿಲ್ಲ. ಎರಡು ತುಂಬಿದ ಕೆಗ್ ಇದ್ದರೆ ಮೇಲಿನ 43 ವಾಟ್ ಲೆಕ್ಕದಲ್ಲಿ ಗಂಟೆಗೆ ಒಂದು ಡಿಗ್ರಿಯಷ್ಟೇ ಏರುತ್ತದೆ, ಮುಚ್ಚಳ ತೆಗೆಯದಿದ್ದರೆ.

ಸೆನ್ಸರನ್ನು ಗಾಳಿಯಲ್ಲಿ ನೇತು ಹಾಕಬೇಡಿ. ಕೆಗ್ಗಿನ ಹೊಟ್ಟೆಗೆ ತಾಗಿಸಿ ಟೇಪ್ ಹಾಕಿ, ಮೇಲೊಂದು ಥರ್ಮೋಕೋಲ್ ತುಂಡು ಮುಚ್ಚಿ. ಗಾಳಿಯ ತಾಪ ನಿಮಿಷಕ್ಕೊಂದು ಹೇಳುತ್ತದೆ, ನೀರಿನದು ನಿಧಾನ. ಕೆಗ್ ಗೋಡೆಗೆ ತಾಗದಂತೆ ಎರಡು ಬೆರಳು ಬಿಡಿ. ಕಂಪ್ರೆಸರ್ ನಿಂತ ಮೇಲೂ ಗೋಡೆ ಬಹಳ ಹೊತ್ತು ಶೂನ್ಯಕ್ಕಿಂತ ಕೆಳಗಿರುತ್ತದೆ, ತಾಗಿದ ಕಡೆ ನೀರು ಮಂಜುಗಡ್ಡೆಯಾಗುತ್ತದೆ.

ಇನ್ನು ಸಿಲಿಂಡರ್. ಕಾರ್ಬನ್ ಡೈಆಕ್ಸೈಡಿಗೆ 31.1 ಡಿಗ್ರಿ ಒಂದು ಗಡಿ. ಅದಕ್ಕಿಂತ ತಣ್ಣಗಿದ್ದರೆ ಸಿಲಿಂಡರಿನ ತಳದಲ್ಲಿ ದ್ರವ, ಮೇಲೆ ಗ್ಯಾಸ್. ಗಡಿ ದಾಟಿದರೆ ಎರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಎಷ್ಟು ಒತ್ತಿದರೂ ದ್ರವ ಆಗದು. ಇದನ್ನು ಥಾಮಸ್ ಆಂಡ್ರೂಸ್ 1869ರಲ್ಲಿ ಇದೇ ಗ್ಯಾಸಿನ ಮೇಲೆ ಪ್ರಯೋಗ ಮಾಡಿ ವಿವರಿಸಿದ. ಬೆಲ್‌ಫಾಸ್ಟಿನಲ್ಲಿ ಅವನು ಕೊಳವೆಯನ್ನು ಕಾಯಿಸಿ ನೋಡಬೇಕಾಯಿತು. ನಮ್ಮಲ್ಲಿ ಏಪ್ರಿಲಿನಲ್ಲಿ ವರಾಂಡದಲ್ಲಿಟ್ಟರೆ ಸಾಕು. 20 ಡಿಗ್ರಿಯಲ್ಲಿ 57 ಬಾರ್ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ತೋರಿಸುವ ಸಿಲಿಂಡರ್, ಸರಿಯಾದ ತೂಕಕ್ಕೇ ತುಂಬಿಸಿದ್ದರೂ, 45 ಡಿಗ್ರಿಯಲ್ಲಿ 100 ಬಾರ್ ದಾಟುತ್ತದೆ. ಹೆಚ್ಚು ತುಂಬಿಸಿದ್ದರೆ ಸುರಕ್ಷತಾ ಡಿಸ್ಕ್ ಒಡೆದು ಗ್ಯಾಸೆಲ್ಲ ಖಾಲಿ. ಆದ್ದರಿಂದ 2 ಕಿಲೋ ಸಿಲಿಂಡರನ್ನು ಫ್ರೀಜರಿನೊಳಗಿನ ಮೆಟ್ಟಿಲ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಅಲ್ಲಿ ಒತ್ತಡ 39 ಬಾರ್ ಸುತ್ತಮುತ್ತ. ದ್ರವದ ಕೊನೆಯ ಹನಿ ಇರುವವರೆಗೂ ಗೇಜು ಅಷ್ಟನ್ನೇ ತೋರಿಸುತ್ತದೆ, ಹಾಗಾಗಿ ಎಷ್ಟು ಉಳಿದಿದೆ ಎಂದು ತಿಳಿಯಲು ತಕ್ಕಡಿಯೇ ಗತಿ. 19 ಲೀಟರ್ ಸೋಡಾಕ್ಕೆ ಕರಗಲು 150 ಗ್ರಾಂ, ಹೊರಗೆ ತಳ್ಳಲು ಇನ್ನೊಂದು 100 ಗ್ರಾಂ. ಸೋರಿಕೆ ಕಳೆದು ಒಂದು ಸಿಲಿಂಡರಿಗೆ ಆರೇಳು ಕೆಗ್.

ಬಳ್ಳಾರಿ, ತೋರಣಗಲ್ಲು ಕಡೆ ವೆಲ್ಡಿಂಗ್ ಗ್ಯಾಸಿಗೆ ಬರವಿಲ್ಲ. ಆದರೆ ಕುಡಿಯುವುದಕ್ಕೆ ಫುಡ್ ಗ್ರೇಡ್ ಎಂದೇ ಕೇಳಿ ತರಬೇಕು, ಐದು ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೋ ಟೆಸ್ಟಿನ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ತಾರೀಕು ಕುತ್ತಿಗೆಯ ಮೇಲೆ ನೋಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ: ಅದರೊಳಗೆ ತಳದವರೆಗೆ ಇಳಿದ ಕೊಳವೆಯಿದೆ, ಗ್ಯಾಸಿನ ಬದಲು ದ್ರವವನ್ನೇ ಒತ್ತಡ ಇಳಿಸುವ ರೆಗ್ಯುಲೇಟರಿಗೆ ತಳ್ಳುತ್ತದೆ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಪೆಟ್ಟಿಗೆಯಲ್ಲೇ ತುಂಬಿ ನಿಲ್ಲುತ್ತದೆ. ಎರಡೂ ಕಿಲೋ ಸೋರಿದರೆ 3 ಮೀಟರ್ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಶೇ. 4 ಆಗುತ್ತದೆ, ಅದು ಜೀವಕ್ಕೇ ಅಪಾಯದ ಮಟ್ಟ. ಮಲಗುವ ಕೋಣೆಯಲ್ಲಿ ಇದನ್ನು ಇಡಬಾರದು. ಸೋರಿದ ಅನುಮಾನವಿದ್ದರೆ ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ, ಪೆಟ್ಟಿಗೆಗೆ ತಲೆ ಹಾಕಬೇಡಿ.

ನೊರೆಯ ರಹಸ್ಯ ಪೈಪಿನಲ್ಲಿದೆ. ಕೆಗ್ಗಿನಲ್ಲಿ 25 ಪಿಎಸ್‌ಐ, ಲೋಟದಲ್ಲಿ ಸೊನ್ನೆ. ಈ ಇಳಿತ ನಲ್ಲಿಯ ಬಾಯಲ್ಲಿ ಒಮ್ಮೆಲೇ ಆದರೆ ಗ್ಯಾಸೆಲ್ಲ ಸಿಡಿದು ಹೊರಬರುತ್ತದೆ. ಉದ್ದನೆಯ ಸಣ್ಣ ಪೈಪಿನ ತಿಕ್ಕಾಟದಲ್ಲಿ ನಿಧಾನವಾಗಿ ಆದರೆ ನೀರಲ್ಲೇ ಉಳಿಯುತ್ತದೆ. 4.8 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ 50 ಮಿ.ಲೀ. ಹರಿಯುವಾಗ ಮೀಟರಿಗೆ ಸುಮಾರು 3.7 ಪಿಎಸ್‌ಐ ಕಳೆಯುತ್ತದೆ. ಬಿಯರಿಗೆ 3 ಮೀಟರ್ ಸಾಕಾಗುವುದು ಹೀಗೆ. ಸೋಡಾಕ್ಕೆ 7–8 ಮೀಟರ್ ಬೇಕು. ಅಂಗಡಿಯವ ಆ ಅಳತೆಯದು ಇಲ್ಲವೆಂದು 6.4 ಮಿ.ಮೀ. ಪೈಪ್ ಕೊಟ್ಟರೆ ಒಪ್ಪಬೇಡಿ, ತಡೆ ಕಾಲು ಭಾಗಕ್ಕೆ ಇಳಿಯುತ್ತದೆ, 30 ಮೀಟರ್ ಸುತ್ತಬೇಕಾಗುತ್ತದೆ. ಪೈಪಿನ ಸುರುಳಿ ಕೆಗ್ಗಿನ ಮೇಲೆ ಮಲಗಿರಲಿ. ತಣ್ಣನೆ ಗಾಳಿ ತಳದಲ್ಲೇ ಕೂತು ಚೌಕಟ್ಟಿನ ಎತ್ತರದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚಿದ್ದರೆ ಪೈಪಿನಲ್ಲೇ ಗುಳ್ಳೆ ಏಳುತ್ತದೆ. ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ತಳದಿಂದ ಮೇಲಕ್ಕೆ ಊದುವಂತೆ ಇಟ್ಟರೆ ಆ ತೊಂದರೆ ಮುಗಿಯಿತು. ನಲ್ಲಿ, ಶ್ಯಾಂಕ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಸೋಡಾ ಹುಳಿ ನೀರು, ಕ್ರೋಮ್ ಲೇಪದ ಹಿತ್ತಾಳೆಯಿಂದ ತಾಮ್ರವನ್ನು ಕರಗಿಸಿಕೊಳ್ಳುತ್ತದೆ.

ಕೊಪ್ಪಳ, ರಾಯಚೂರಿನ ಬೋರ್‌ವೆಲ್ ನೀರು ಗಡುಸು, ಹಲವೆಡೆ ಫ್ಲೋರೈಡ್ ಬೇರೆ. ಆರ್‌ಓ ನೀರು ಬಳಸಿ, ಬೇಕಿದ್ದರೆ ಕೆಗ್ಗಿಗೆ 4 ಗ್ರಾಂ ಅಡುಗೆ ಸೋಡಾ, ಚಿಟಿಕೆ ಉಪ್ಪು. 18 ಲೀಟರ್ ತುಂಬಿ, ಮುಚ್ಚಿ, ಒಂದು ರಾತ್ರಿ ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಗ್ಯಾಸ್ ಕೊಟ್ಟು ವಾಲ್ವ್ ಎಳೆದು ಬಿಡುವುದನ್ನು ನಾಲ್ಕು ಸಲ ಮಾಡಿ ಒಳಗಿನ ಗಾಳಿ ಓಡಿಸಿ. ಗಾಳಿ ಉಳಿದರೆ ಗೇಜು 25 ತೋರಿಸಿದರೂ ಅದರಲ್ಲಿ ಒಂದು ಪಾಲು ನೈಟ್ರೋಜನ್ನಿನದು, ಸೋಡಾ ಸಪ್ಪೆ. ಸುಮ್ಮನೆ ಬಿಟ್ಟರೆ ಗ್ಯಾಸ್ ಪೂರ್ತಿ ಕರಗಲು ವಾರ ಹಿಡಿಯುತ್ತದೆ. ಅವಸರವಿದ್ದವರು ಗ್ಯಾಸ್ ಜೋಡಿಸಿಯೇ ಕೆಗ್ಗನ್ನು ಅಡ್ಡ ಮಲಗಿಸಿ ಹತ್ತು ನಿಮಿಷ ತೊಟ್ಟಿಲಿನಂತೆ ತೂಗಬಹುದು. ಲಿಂಬೆರಸ, ನನ್ನಾರಿ, ಉಪ್ಪು ಎಲ್ಲ ಲೋಟದಲ್ಲೇ ಬೆರೆಸಿ. ಲಿಂಬೆಯ ತಿರುಳು ಕನೆಕ್ಟರಿನ ಸ್ಪ್ರಿಂಗಿಗೆ ಸಿಕ್ಕಿಕೊಂಡರೆ ಕೆಗ್ ಬಿಚ್ಚಿ ತೊಳೆಯುವ ಕೆಲಸ, ಸಕ್ಕರೆ ಪಾಕಕ್ಕೆ ಇರುವೆ ಬೇರೆ.

ಮಳೆಗಾಲದಲ್ಲಿ ಒಳಗೋಡೆ ಬೆವರುತ್ತದೆ. ಹದಿನೈದು ದಿನಕ್ಕೊಮ್ಮೆ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಚೀಲವನ್ನು ಒಣಗಿಸಿ ಮತ್ತೆ ಇಡಿ. ದಿನದ ಮೊದಲ ಲೋಟದಲ್ಲಿ ಮಾತ್ರ ಎಷ್ಟು ಮಾಡಿದರೂ ಒಂದಿಷ್ಟು ನೊರೆ ಬಂದೇ ಬರುತ್ತದೆ, ಯಾಕೆಂದರೆ ನಲ್ಲಿಯ ಮೂತಿ ಹೊರಗಿನ 40 ಡಿಗ್ರಿಯಲ್ಲೇ ಇದೆ. ಮೊದಲ ಒಂದು ಗುಟುಕಿನಷ್ಟನ್ನು ಬೇರೆ ಲೋಟಕ್ಕೆ ಬಿಟ್ಟು, ಎರಡನೆಯದನ್ನು ಹಿಡಿಯುವಾಗ ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ಒತ್ತಡವೆಲ್ಲ ಆ ಸಣ್ಣ ಸಂದಿಯಲ್ಲೇ ಕುಸಿದು ಮತ್ತೆ ನೊರೆ.