ಕತ್ತರಿ, ಅಂಟು, ಜೆರಾಕ್ಸ್: ರೇವ್ ಝೀನ್‌ಗಳ ರೂಪ ಬಂದದ್ದು ಎಲ್ಲಿಂದ?

ಸೊಟ್ಟಗೆ ಕೂತ ಅಕ್ಷರ, ಅಂಚಿನಲ್ಲಿ ಕಪ್ಪು ಗೆರೆ ಉಳಿದ ಚಿತ್ರ, ಪುಟದ ತುಂಬ ಮಸಿಯ ಚುಕ್ಕೆ. ಸಂಗೀತ ಉತ್ಸವಗಳ ಪೋಸ್ಟರ್‌ಗಳಲ್ಲಿ, ಉಡುಪಿನ ಜಾಹೀರಾತುಗಳಲ್ಲಿ ಕೆಲವು ವರ್ಷಗಳಿಂದ ಈ ರೂಪ ಮತ್ತೆ ಮತ್ತೆ ಕಾಣಿಸುತ್ತಿದೆ. ಅದು ‘ರೇವ್ ಝೀನ್’ಗಳಿಂದ (ರೇವ್ ಎಂದರೆ ರಾತ್ರಿಯಿಡೀ ಕುಣಿಯುವ ಕೂಟ) ಸ್ಫೂರ್ತಿ ಪಡೆದದ್ದು ಎಂಬ ವಿವರಣೆಯೂ ಜೊತೆಗಿರುತ್ತದೆ. ಇದು ಗೌರವವೋ ನಕಲೋ ಎಂಬ ಚರ್ಚೆ ಸಿಕ್ಕುಸಿಕ್ಕಾಗಲು ಮುಖ್ಯ ಕಾರಣ, ಝೀನ್ ಎಂದರೆ ಏನಿತ್ತು ಎಂಬ ನೆನಪೇ ಮಸುಕಾಗಿರುವುದು.

ಅಭಿಮಾನಿಗಳು ತಾವೇ ಬರೆದು, ಅಚ್ಚು ಹಾಕಿ, ಹಂಚುವ ಕಿರುಪತ್ರಿಕೆಯೇ ಝೀನ್. 1930ರಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಓದುಗರು ಅದನ್ನು ಆರಂಭಿಸಿದರು, 1976ರಲ್ಲಿ ಲಂಡನ್ನಿನ ಪಂಕ್ ಸಂಗೀತದ ಹುಡುಗರು ಜೆರಾಕ್ಸ್ ಯಂತ್ರಕ್ಕೆ ಒಡ್ಡಿದರು, ಮತ್ತೆ ಹತ್ತು ವರ್ಷಕ್ಕೆ ಅದು ಕ್ಲಬ್ಬುಗಳ ಬಾಗಿಲಿಗೆ ಬಂತು.

‘ಬಾಯ್ಸ್ ಓನ್’ ಎಂಬ ಝೀನ್ ಹುಟ್ಟಿದ್ದು ಆಗಲೇ, 1986ರಲ್ಲಿ. ಮುಂದೆ ಡಿಜೆಗಳಾಗಿ ಹೆಸರಾದ ಟೆರಿ ಫಾರ್ಲಿ, ಆಂಡ್ರ್ಯೂ ವೆದರಾಲ್ ಮತ್ತು ಗೆಳೆಯರು ಹೊರತಂದ ಇದಕ್ಕೆ ಲಿವರ್‌ಪೂಲ್‌ನ ‘ದಿ ಎಂಡ್’ ಎಂಬ ಝೀನ್ ಮಾದರಿ. ಫುಟ್‌ಬಾಲ್, ಬಟ್ಟೆ, ಹಾಡಿನ ತಟ್ಟೆ, ಪರಸ್ಪರ ಕೀಟಲೆ ಎಲ್ಲವೂ ಅದರಲ್ಲಿ ಇಕ್ಕಟ್ಟಾಗಿ ತುಂಬಿರುತ್ತಿದ್ದವು. 1988ರಲ್ಲಿ ಆಸಿಡ್ ಹೌಸ್ ಎಂಬ ನೃತ್ಯಸಂಗೀತ ಬ್ರಿಟನ್ನಿನಲ್ಲಿ ಹಬ್ಬಿತು. ಗೋದಾಮುಗಳಲ್ಲಿ, ಬಯಲುಗಳಲ್ಲಿ ನಡೆಯುವ ರೇವ್ ಕೂಟಗಳ ಜೊತೆಗೆ ಇಂಥ ಪತ್ರಿಕೆಗಳೂ ಹೆಚ್ಚಿದವು.

ಇವುಗಳ ರೂಪವನ್ನು ಯಾರೂ ಕೂತು ಕಲ್ಪಿಸಿದ್ದಲ್ಲ. ಬೆರಳಚ್ಚು ಮಾಡಿದ ಬರಹವನ್ನು ಕತ್ತರಿಸಿ ಹಾಳೆಗೆ ಅಂಟಿಸುತ್ತಿದ್ದರು. ಅಂಟಿಸಿದ ಕಾಗದದ ಅಂಚು ನೆರಳು ಚೆಲ್ಲಿ ಪ್ರತಿಯಲ್ಲಿ ಗೆರೆಯಾಗಿ ಮೂಡುತ್ತಿತ್ತು. ಶೀರ್ಷಿಕೆಗೆ ಉಜ್ಜಿ ಇಳಿಸುವ ಲೆಟ್ರಾಸೆಟ್ ಅಕ್ಷರಗಳು. ಹಾಳೆ ಹಳೆಯದಾಗಿದ್ದರೆ ಅಕ್ಷರ ಬಿರುಕು ಬಿಡುತ್ತಿತ್ತು. ಜೆರಾಕ್ಸ್ ಯಂತ್ರ ಫೋಟೋದ ನಡುಬಣ್ಣಗಳನ್ನು ನುಂಗಿ ಬರೀ ಕಪ್ಪು ಬಿಳುಪನ್ನು ಉಳಿಸುತ್ತಿತ್ತು, ದೊಡ್ಡ ಕಪ್ಪು ಜಾಗವನ್ನು ಮಾತ್ರ ತುಂಬಲಾರದೆ ಬೂದುಬಣ್ಣವಾಗಿಸುತ್ತಿತ್ತು. ಪ್ರತಿಯ ಪ್ರತಿ ತೆಗೆದಷ್ಟೂ ಚುಕ್ಕೆ ಹೆಚ್ಚು. ಎ4 ಹಾಳೆ ಮಡಚಿ ಪಿನ್ ಹೊಡೆಯುವುದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಕೊನೆಗೆ ಉಳಿದ ಅರ್ಧ ಪುಟಕ್ಕೆ ಯಾರದೋ ವ್ಯಂಗ್ಯಚಿತ್ರ. ಕಾಲೇಜಿನಲ್ಲಿ ಸೈಕ್ಲೋಸ್ಟೈಲ್ ಪತ್ರಿಕೆ ತಂದವರಿಗೆ ಈ ಗಡಿಬಿಡಿಯ ಪರಿಚಯವಿದ್ದೀತು. ದುಡ್ಡಿಲ್ಲದಿದ್ದರೂ ಹೇಳುವುದು ಬೇಕಾದಷ್ಟಿತ್ತು, ಅದಕ್ಕೇ ಅಕ್ಷರ ಅಷ್ಟು ಸಣ್ಣದು.

ಫ್ಲೈಯರ್‌ಗಳ ಕಥೆ ಬೇರೆ. ಇವು ರೇವ್ ಕೂಟದ ಪ್ರಚಾರಕ್ಕೆ ಹಂಚುವ ಕರಪತ್ರಗಳು. ಲಂಡನ್ನನ್ನು ಸುತ್ತುವ ಎಂ25 ಹೆದ್ದಾರಿಯ ಆಸುಪಾಸಿನಲ್ಲಿ 1989ರಲ್ಲಿ ನಡೆದ ದೊಡ್ಡ ರೇವ್‌ಗಳಿಗೆ ಟಿಕೆಟ್ ಇತ್ತು, ಹಣ ಹೂಡಿದವರಿದ್ದರು. ಅವುಗಳ ಫ್ಲೈಯರ್‌ಗಳಲ್ಲಿ ಹಲವು ಬಣ್ಣದಲ್ಲಿ ಅಚ್ಚಾದವು. ಪೊಲೀಸರು ತಡೆಯಬಾರದೆಂದು ಸ್ಥಳದ ಬದಲು ಫೋನ್ ನಂಬರ್ ಕೊಡುತ್ತಿದ್ದರು, ಜಾಗ ತಿಳಿಯುತ್ತಿದ್ದುದು ಆ ರಾತ್ರಿಯೇ. ಮುಂದೆ ಕಂಪ್ಯೂಟರಿನಲ್ಲಿ ತಯಾರಾದ ಸುರುಳಿ ಚಿತ್ರಗಳು, ಸೋಪಿನ ಪುಡಿ ಡಬ್ಬದ ಲಾಂಛನಗಳನ್ನು ತಿರುಚಿದ ವಿನ್ಯಾಸಗಳು ಬಂದವು. ಇಂದಿನ ‘ರೇವ್ ಝೀನ್ ಶೈಲಿ’ಯಲ್ಲಿ ಈ ಹೊಳಪೂ ಆ ಮಸಿಯೂ ಕಲಸಿಹೋಗಿವೆ.

1992ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಸಲ್‌ಮಾರ್ಟನ್ ಬಯಲಿನಲ್ಲಿ ಸಾವಿರಾರು ಜನ ರೇವ್ ಕೂಟಕ್ಕೆ ದಿನಗಟ್ಟಲೆ ಸೇರಿದರು. 1994ರ ಬ್ರಿಟಿಷ್ ಕಾಯ್ದೆ ಇಂಥ ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ‘ಮರುಕಳಿಸುವ ತಾಳ’ ಎಂಬ ಮಾತು ರೇವ್ ಸಂಗೀತದ ವರ್ಣನೆಯಾಗಿ ಕಾನೂನಿನೊಳಗೇ ಸೇರಿತು. ಅಷ್ಟರಲ್ಲಿ ನ್ಯೂಯಾರ್ಕಿನ ‘ಅಂಡರ್ ಒನ್ ಸ್ಕೈ’, ಮಿಲ್ವಾಕಿಯ ‘ಮ್ಯಾಸಿವ್’ ಮುಂತಾದವು ಅಮೆರಿಕದಲ್ಲೂ ಓದುಗರನ್ನು ಸಂಪಾದಿಸಿದ್ದವು. ಆಮೇಲೆ ಅಂತರ್ಜಾಲ ಬಂದು, ಸುದ್ದಿಗಾಗಿ ಕಾಗದಕ್ಕೆ ಕಾಯುವ ಅಗತ್ಯ ತಪ್ಪಿತು.

ಮರಳಿ ಬಂದಿರುವುದು ಹೊರಮೈ ಮಾತ್ರ. ಜೆರಾಕ್ಸ್ ಚುಕ್ಕೆಗಳು, ಹರಿದ ಕಾಗದದ ಅಂಚುಗಳು ಈಗ ಕಂಪ್ಯೂಟರ್ ಕಡತಗಳಾಗಿ ಮಾರಾಟಕ್ಕಿವೆ. ರಿಸೋಗ್ರಾಫ್ ಎಂಬ ಅಚ್ಚಿನ ಯಂತ್ರದಲ್ಲಿ ನಿಜಕ್ಕೂ ಕಾಗದ ಮುಟ್ಟಿ ದುಡಿಯುವ ವಿನ್ಯಾಸಕಾರರೂ ಇದ್ದಾರೆ. ಅವರ ಕೆಲಸದಲ್ಲಿ ತಪ್ಪುಗಳು ತಾವಾಗಿಯೇ ಬೀಳುತ್ತವೆ, ಅದು ನೋಡಿದೊಡನೆ ತಿಳಿಯುತ್ತದೆ. ಉಳಿದ ಕಡೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಝೀನ್ ತುಂಬ ಓದಲು ಬರಹವಿರುತ್ತಿತ್ತು, ಬರೆದು ಕಳುಹಿಸಿ ಎಂದು ಒಂದು ಅಂಚೆ ವಿಳಾಸವಿರುತ್ತಿತ್ತು. ಹೊಸ ಪೋಸ್ಟರಿನಲ್ಲಿ ಆ ಜಾಗಕ್ಕೆ ಬ್ರ್ಯಾಂಡಿನ ಹೆಸರು ಬಂದಿದೆ.