ಟ್ರಸ್ಟ್‌ಗಳಿಗೆಂದು ಬರೆದ ಕಾನೂನು, ಕಾರ್ಮಿಕರ ಕೊರಳಿಗೆ

ಅಮೆರಿಕದ ಪುಲ್‌ಮನ್ ಕಂಪನಿಯ ಕಾರ್ಮಿಕನೊಬ್ಬ ತನ್ನ ಸಂಬಳದ ಚೆಕ್ಕಿಗೆ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಮನೆ ಬಾಡಿಗೆ ಮುರಿದುಕೊಂಡ ಮೇಲೆ ಅವನ ಪಾಲಿಗೆ ಉಳಿದದ್ದು ಎರಡು ಸೆಂಟ್. ಅದನ್ನು ನಗದು ಮಾಡಿಸಿ ಏನು ಮಾಡುವುದು? 1894ರಲ್ಲಿ ಪಾದ್ರಿಯೊಬ್ಬರು ಈ ಸಂಗತಿ ಹೇಳಿದರು.

ರೈಲಿನ ಸ್ಲೀಪರ್ ಬೋಗಿಗಳಿಂದ ಶ್ರೀಮಂತನಾದ ಜಾರ್ಜ್ ಪುಲ್‌ಮನ್ 1880ರಲ್ಲಿ ಚಿಕಾಗೋದ ದಕ್ಷಿಣಕ್ಕೆ ತನ್ನದೇ ಹೆಸರಿನ ಊರು ಕಟ್ಟಲು ಶುರುಮಾಡಿದ. ಇಟ್ಟಿಗೆಯ ಸಾಲುಮನೆಗಳು, ನಲ್ಲಿ ನೀರು, ಉದ್ಯಾನ ಎಲ್ಲ ಇದ್ದವು. ನೋಡಲು ಬಂದವರು ಬೆರಗಾಗುತ್ತಿದ್ದರು. ಆದರೆ ಮನೆ ಕೊಳ್ಳುವಂತಿರಲಿಲ್ಲ, ಬಾಡಿಗೆಗೇ ಇರಬೇಕು. ಗ್ರಂಥಾಲಯಕ್ಕೆ ಶುಲ್ಕ, ಚರ್ಚಿಗೂ ಬಾಡಿಗೆ. 1893ರಲ್ಲಿ ದೇಶವೇ ಆರ್ಥಿಕ ಕುಸಿತಕ್ಕೆ ಸಿಕ್ಕಾಗ ಕಂಪನಿ ಕೂಲಿಯನ್ನು ಸರಾಸರಿ ಶೇ. 25ರಷ್ಟು ಕಡಿತ ಮಾಡಿತು, ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಸುತ್ತಮುತ್ತಲ ಊರುಗಳಿಗಿಂತ ಇಲ್ಲಿ ಬಾಡಿಗೆ ಶೇ. 20ರಿಂದ 25ರಷ್ಟು ಹೆಚ್ಚೆಂದು 1894ರಲ್ಲಿ ಸರ್ಕಾರ ನೇಮಿಸಿದ ವಿಚಾರಣಾ ಆಯೋಗವೇ ಲೆಕ್ಕ ಹಾಕಿತು. ಒಂದೇ ವರ್ಷದಲ್ಲಿ ಕಂಪನಿ ಕೊಟ್ಟ ಒಟ್ಟು ಕೂಲಿ 72 ಲಕ್ಷ ಡಾಲರಿನಿಂದ 45 ಲಕ್ಷಕ್ಕಿಂತ ಕೆಳಗಿಳಿಯಿತು. ಷೇರುದಾರರ ಲಾಭಾಂಶ 25 ಲಕ್ಷದಿಂದ 28 ಲಕ್ಷಕ್ಕೆ ಏರಿತು. ಹೊಲಿಗೆ ವಿಭಾಗದ ಜೆನ್ನಿ ಕರ್ಟಿಸ್‌ಳ ತಂದೆ 13 ವರ್ಷ ಅಲ್ಲೇ ದುಡಿದು ಸತ್ತಿದ್ದ. ಅವನು ಬಾಕಿ ಉಳಿಸಿದ್ದ 60 ಡಾಲರ್ ಬಾಡಿಗೆ ಮಗಳ ಕೂಲಿಯ ಮೇಲೆ ಬಿತ್ತು.

ಆ ಕಾಲದಲ್ಲಿ ಸರ್ಕಾರ ವ್ಯಾಪಾರದ ಗೊಡವೆಗೆ ಹೋಗುತ್ತಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1862ರ ಕಾಯಿದೆಯಡಿ ಖಂಡದ ಉದ್ದಕ್ಕೂ ಹಳಿ ಹಾಕುವ ಕಂಪನಿಗಳಿಗೆ ಜಮೀನನ್ನೂ ಸಾಲವನ್ನೂ ಕೊಟ್ಟದ್ದು ಸರ್ಕಾರವೇ. 1877ರಲ್ಲಿ ಕೂಲಿ ಕಡಿತದ ವಿರುದ್ಧ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಶುರುವಾದ ರೈಲ್ವೆ ಮುಷ್ಕರ ದೇಶಕ್ಕೆ ಹಬ್ಬಿದಾಗ ಸೈನ್ಯ ಕಳಿಸಿದ್ದೂ ಸರ್ಕಾರವೇ. ಆಗ ಸುಮಾರು ನೂರು ಮಂದಿ ಸತ್ತರು.

ಇಷ್ಟರಲ್ಲಿ ಸೀಮೆಎಣ್ಣೆ, ಸಕ್ಕರೆಯಂಥ ಸರಕುಗಳು ಒಂದೊಂದು ಟ್ರಸ್ಟಿನ ಹಿಡಿತಕ್ಕೆ ಸೇರುತ್ತಿದ್ದವು. ಟ್ರಸ್ಟ್ ಎಂದರೆ ನಮ್ಮ ದೇವಸ್ಥಾನದ ಟ್ರಸ್ಟ್ ಅಲ್ಲ. ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಆಡಳಿತದಡಿ ಸೇರಿ ಬೆಲೆ ನಿಗದಿ ಮಾಡುವ ಏರ್ಪಾಡು. ಜನರ ಸಿಟ್ಟು ಏರಿದ್ದರಿಂದ 1890ರ ಜುಲೈ 2ರಂದು ಶರ್ಮನ್ ಕಾಯಿದೆ ಬಂತು. ವ್ಯಾಪಾರಕ್ಕೆ ಅಡ್ಡಿಯಾಗುವ ಕೂಟ, ಒಳಸಂಚು 'ಟ್ರಸ್ಟ್ ರೂಪದಲ್ಲಾಗಲಿ, ಬೇರೆ ರೂಪದಲ್ಲಾಗಲಿ' ಅಕ್ರಮ ಎಂದಿತು. ಆ 'ಬೇರೆ ರೂಪ' ಎಂಬ ಮಾತಿನಲ್ಲೇ ಇತ್ತು ಎಡವಟ್ಟು. ಕಾರ್ಮಿಕ ಸಂಘವೂ ಒಂದು ಕೂಟವೇ ತಾನೇ?

1894ರ ಮೇ 11ರಂದು ಪುಲ್‌ಮನ್ ಕಾರ್ಮಿಕರು ಕೆಲಸ ನಿಲ್ಲಿಸಿದರು. ಜೂನ್‌ನಲ್ಲಿ ಯೂಜಿನ್ ಡೆಬ್ಸ್‌ನ ಅಮೆರಿಕನ್ ರೈಲ್ವೆ ಯೂನಿಯನ್ ಸಮಾವೇಶದಲ್ಲಿ ಜೆನ್ನಿ ಕರ್ಟಿಸ್ ಎದ್ದುನಿಂತು ನೆರವು ಕೇಳಿದಳು. ಜೂನ್ 26ರಿಂದ ಯೂನಿಯನ್‌ನವರು ಪುಲ್‌ಮನ್ ಬೋಗಿ ಇರುವ ರೈಲುಗಳನ್ನು ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೊರಬಂದರು. ಅದೇ ಸಮಾವೇಶ ಕರಿಯರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಬೇಡವೆಂದು 112–100 ಮತಗಳಿಂದ ತೀರ್ಮಾನಿಸಿತ್ತು ಎಂಬುದನ್ನೂ ಹೇಳಬೇಕು. ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಪೋರ್ಟರುಗಳೆಲ್ಲ ಕರಿಯರೇ. ಅವರನ್ನು ಹೊರಗಿಟ್ಟೇ ಈ ಹೋರಾಟ ನಡೆಯಿತು.

ಚಿಕಾಗೋದ 24 ರೈಲ್ವೆ ಕಂಪನಿಗಳು ಆಗಲೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದವು. ಅದನ್ನು ಅಕ್ರಮ ಕೂಟವೆಂದು ಸರ್ಕಾರ ಕೋರ್ಟಿಗೆ ಎಳೆಯಲಿಲ್ಲ. ವಾಷಿಂಗ್ಟನ್ನಿನ ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಸ್ವತಃ ರೈಲ್ವೆ ಕಂಪನಿಗಳ ವಕೀಲ. ಚಿಕಾಗೋದಲ್ಲಿ ಸರ್ಕಾರದ ಪರ ವಾದಿಸಲು ಅವನು ಆರಿಸಿದ ಎಡ್ವಿನ್ ವಾಕರ್ ಕೂಡ ರೈಲ್ವೆ ವಕೀಲನೇ. ಅಂಚೆ ರೈಲು ನಿಂತಿದೆ, ವ್ಯಾಪಾರಕ್ಕೆ ಅಡ್ಡಿಯಾಗಿದೆ ಎಂದು ಕೋರ್ಟಿಗೆ ಹೋದರು. ಶರ್ಮನ್ ಕಾಯಿದೆಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, 1894ರ ಜುಲೈ 2ರಂದು, ತಡೆಯಾಜ್ಞೆ ಸಿಕ್ಕಿತು. ನಮ್ಮಲ್ಲಿ 'ಸ್ಟೇ ತಂದರು' ಅಂದರೆ ಸೈಟಿನ ಜಗಳ ನೆನಪಾಗುತ್ತದೆ. ಈ ಆಜ್ಞೆಯಾದರೋ ಕೆಲಸ ಬಿಡುವಂತೆ ಇನ್ನೊಬ್ಬನ ಮನವೊಲಿಸುವುದನ್ನೂ ನಿಷೇಧಿಸಿತು. ಅಂದರೆ ಡೆಬ್ಸ್ ತಂತಿ ಕಳಿಸಿದರೂ ನ್ಯಾಯಾಂಗ ನಿಂದನೆ. ಅದಕ್ಕೆ ಜೂರಿ ಬೇಕಿಲ್ಲ, ನ್ಯಾಯಾಧೀಶನೊಬ್ಬನೇ ಸಾಕು.

ಚಿಕಾಗೋ ಇರುವ ಇಲಿನಾಯ್ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್‌ನನ್ನು ಕೇಳದೆಯೇ ಅಧ್ಯಕ್ಷ ಕ್ಲೀವ್‌ಲೆಂಡ್ ಸೈನ್ಯ ಕಳಿಸಿದ, ಆಲ್ಟ್‌ಗೆಲ್ಡ್ ಪ್ರತಿಭಟಿಸಿದರೂ ಹಿಂದಕ್ಕೆ ಕರೆಸಲಿಲ್ಲ. ಜುಲೈ 4ರ ಸ್ವಾತಂತ್ರ್ಯ ದಿನದಂದು ಚಿಕಾಗೋದ ಬೀದಿಯಲ್ಲಿ ಕೇಂದ್ರದ ಸೈನಿಕರಿದ್ದರು. ಅದಾದ ಮೇಲೆ ಬೋಗಿಗಳಿಗೆ ಬೆಂಕಿ, ಗೋಲಿಬಾರ್, ಸಾವು. ಡೆಬ್ಸ್ ಜೈಲು ಸೇರಿದ, ಯೂನಿಯನ್ ಮುರಿದುಬಿತ್ತು. ಸೆಪ್ಟೆಂಬರಿನ ಮೊದಲ ಸೋಮವಾರವನ್ನು ಕಾರ್ಮಿಕರ ರಜೆ ಮಾಡುವ ಕಾನೂನಿಗೆ ಕ್ಲೀವ್‌ಲೆಂಡ್ ಸಹಿ ಹಾಕಿದ್ದೂ ಇದೇ ಗಲಾಟೆಯ ನಡುವೆ, ಜೂನ್ 28ರಂದು. 1886ರ ಚಿಕಾಗೋ ಹೋರಾಟದ ನೆನಪಿನ ಮೇ 1ಕ್ಕೆ ನಮ್ಮಲ್ಲಿ ರಜೆ ಇದೆ, ಆ ಚಿಕಾಗೋದಲ್ಲೇ ಇಲ್ಲ.

1895ರ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ದೇಶದ ಸಕ್ಕರೆ ಶುದ್ಧೀಕರಣದ ಸುಮಾರು ಶೇ. 98 ಭಾಗ ಒಂದೇ ಕಂಪನಿಯ ಕೈಗೆ ಬಂದಿತ್ತು. ಅದರ ವಿರುದ್ಧ ಸರ್ಕಾರ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ ಜನವರಿಯಲ್ಲಿ ತಳ್ಳಿಹಾಕಿತು. ಸಕ್ಕರೆ ತಯಾರಿಸುವುದು ಉತ್ಪಾದನೆ, ವ್ಯಾಪಾರ ಅಲ್ಲ, ಹಾಗಾಗಿ ಶರ್ಮನ್ ಕಾಯಿದೆ ಅನ್ವಯಿಸದು ಎಂಬುದು ಕಾರಣ. ಮೇ ತಿಂಗಳಲ್ಲಿ ಡೆಬ್ಸ್‌ನ ಜೈಲು ಶಿಕ್ಷೆಯನ್ನು ಅದೇ ಕೋರ್ಟ್ ಒಮ್ಮತದಿಂದ ಎತ್ತಿಹಿಡಿಯಿತು. ಕೆಳಗಿನ ಕೋರ್ಟ್ ಶರ್ಮನ್ ಕಾಯಿದೆಯನ್ನೇ ಆಧರಿಸಿತ್ತು. ಸುಪ್ರೀಂ ಕೋರ್ಟಿಗೆ ಅದರ ಅಗತ್ಯವೂ ಕಾಣಲಿಲ್ಲ. ಅಂಚೆ ಮತ್ತು ಅಂತರರಾಜ್ಯ ವ್ಯಾಪಾರ ಕಾಯುವ ಅಧಿಕಾರ ಸರ್ಕಾರಕ್ಕೆ ಹೇಗೂ ಇದೆ ಎಂದುಬಿಟ್ಟಿತು.

ಮುಂದಿನ ದಶಕಗಳಲ್ಲಿ ಮುಷ್ಕರ ಎದ್ದಲ್ಲೆಲ್ಲ ಮಾಲೀಕರು ಕೋರ್ಟಿಗೆ ಓಡಿದರು. ಮನುಷ್ಯನ ದುಡಿಮೆ ಸರಕಲ್ಲ ಎಂದು 1914ರ ಕ್ಲೇಟನ್ ಕಾಯಿದೆ ಬರೆದರೂ, 1921ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಕುಚಿತವಾಗಿ ಅರ್ಥೈಸಿ ತಡೆಯಾಜ್ಞೆಯ ದಾರಿಯನ್ನು ತೆರೆದೇ ಇಟ್ಟಿತು. ಕೇಂದ್ರ ಕೋರ್ಟುಗಳ ಈ ಅಧಿಕಾರಕ್ಕೆ ಗಟ್ಟಿಯಾಗಿ ಕಡಿವಾಣ ಬಿದ್ದದ್ದು 1932ರ ನಾರಿಸ್–ಲಾಗಾರ್ಡಿಯಾ ಕಾಯಿದೆಯಿಂದ. ಅಷ್ಟರಲ್ಲಿ ಡೆಬ್ಸ್ ತೀರಿಕೊಂಡು ಐದು ವರ್ಷ ದಾಟಿತ್ತು.